ಬಿಸಾಡಿದ ಸ್ಟಾಂಪಿಗೂ ಬೆಲೆ ಉಂಟು

ಮನೆಗೆ ಒಂದು ಕಾಗದ ಬಂತು. ಒಡೆದು ಓದಿದೆವು. ಮೊದಲಾಗಿದ್ದರೆ ಮೇಷ್ಟ್ರನ್ನೋ ಪಕ್ಕದ ಮನೆ ಹುಡುಗನನ್ನೋ ಕರೆಯಬೇಕಿತ್ತು. ಈಗ ನಾವೇ ಓದ್ತೀವಿ. ಅಕ್ಷರ ಕೂಡಿಸಿ ಕೂಡಿಸಿ, ನಿಧಾನವಾಗಿಯಾದರೂ ಓದ್ತೀವಿ. ಸರಿ, ಕಾಗದ ಓದಿ ಆಯಿತು. ಕವರು ಏನಾಯಿತು?

ಒಲೆಗೆ ಹೋಯಿತು. ಇಲ್ಲವೇ ತಿಪ್ಪೆಗೆ ಹೋಯಿತು. ಕವರಿನ ಜೊತೆ ಅದರ ಮೇಲಿದ್ದ ಸ್ಟಾಂಪೂ ಹೋಯಿತು.

ಹೋದರೆ ಹೋಗಲಿ ಬಿಡಿ, ಸೀಲು ಬಿದ್ದ ಸ್ಟಾಂಪು ಯಾರಿಗೆ ಬೇಕು ಅಂತೀರಾ? ಬೇಕಾದವರು ಇದ್ದಾರೆ. ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆ. ಒಂದು ದೇಶದಲ್ಲಿ ಇಂಥ ಸ್ಟಾಂಪುಗಳನ್ನೇ ಕೂಡಿಸಿ ಮಾರಿ, ಆ ಹಣವನ್ನು ಕಾಯಿಲೆಯ ಮಕ್ಕಳಿಗಾಗಿ ಖರ್ಚು ಮಾಡಿದರು. ಆ ಕಥೆ ಈ ಪಾಠದಲ್ಲಿದೆ. ನಾವೂ ಮಾಡಬಹುದೇ, ಮಾಡಿದರೆ ಎಷ್ಟು ಸಿಕ್ಕೀತು, ಅದರ ಲೆಕ್ಕವೂ ಇದೆ.

ಸ್ಟಾಂಪು ಬಂದ ಬಗೆ

ಸ್ಟಾಂಪಿಗೆ ಕನ್ನಡದಲ್ಲಿ ಅಂಚೆ ಚೀಟಿ ಅಂತಾರೆ. ನಾವು ಆಡುವ ಮಾತಿನಲ್ಲಿ ಸ್ಟಾಂಪು. ಎರಡೂ ಒಂದೇ. ಕಾಗದ ಸಾಗಿಸುವ ಕೂಲಿ ಮುಂಚೆಯೇ ಕಟ್ಟಿದ್ದೇವೆ ಅನ್ನೋದಕ್ಕೆ ಅದು ರಸೀದಿ ಇದ್ದ ಹಾಗೆ.

ಮೊದಲ ಸ್ಟಾಂಪು ಬಂದದ್ದು ಇಂಗ್ಲೆಂಡಿನಲ್ಲಿ, 1840ರ ಮೇ ತಿಂಗಳಲ್ಲಿ. ಅದು ಕಪ್ಪು ಬಣ್ಣದ್ದು. ಅದರ ಮೇಲೆ ವಿಕ್ಟೋರಿಯಾ ರಾಣಿಯ ಮುಖ ಇತ್ತು. ಅದಕ್ಕೆ ಮುಂಚೆ ಅಲ್ಲಿ ಕಾಗದದ ದುಡ್ಡನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡಬೇಕಿತ್ತು. ಬಡವರು ದುಡ್ಡಿಲ್ಲದೆ ಕಾಗದ ವಾಪಸು ಕಳಿಸೋದೂ ಇತ್ತು. ಮಗನ ಕಾಗದ ಬಾಗಿಲಿಗೆ ಬಂದೂ ತಾಯಿ ಅದನ್ನು ಬಿಡಿಸಿಕೊಳ್ಳಲಾಗದೆ ನಿಂತರೆ ಹೇಗಿದ್ದೀತು, ಯೋಚಿಸಿ.

ನಮ್ಮ ದೇಶದಲ್ಲಿ 1852ರಲ್ಲಿ ಸಿಂಧ್ ಪ್ರಾಂತ್ಯಕ್ಕೆ ಸ್ಟಾಂಪು ಬಂತು. 1854ರಲ್ಲಿ ದೇಶಕ್ಕೆಲ್ಲಾ ಬಂತು. ಸ್ವಾತಂತ್ರ್ಯ ಬಂದ ಮೇಲೆ ಸ್ಟಾಂಪಿನ ಮೇಲೆ ನಮ್ಮವರ ಚಿತ್ರಗಳು ಬಂದವು. 1952ರಲ್ಲಿ ಮೀರಾಬಾಯಿ ಬಂದಳು. 1960ರಲ್ಲಿ ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ ಅವರ ಸ್ಟಾಂಪು ಬಂತು. 1977ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಬಂದಳು.

ಹೀಗೆ ಒಂದು ನೆನಪಿಗಾಗಿ ತರುವ ಸ್ಟಾಂಪು ಸ್ವಲ್ಪ ಕಾಲ ಮಾತ್ರ ಸಿಗುತ್ತದೆ. ಇನ್ನು ಕೆಲವು ಸಣ್ಣ ಸ್ಟಾಂಪುಗಳು ವರ್ಷಗಟ್ಟಲೆ ಅಚ್ಚಾಗುತ್ತಲೇ ಇರುತ್ತವೆ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆಲವರಿಗೆ ಸ್ಟಾಂಪು ಕೂಡಿಡುವ ಹವ್ಯಾಸ. ಪುಸ್ತಕದಲ್ಲಿ ಸಾಲಾಗಿ ಜೋಡಿಸಿ ಇಡ್ತಾರೆ. ಒಬ್ಬರಿಗೆ ಹಕ್ಕಿಯ ಚಿತ್ರ ಬೇಕು, ಇನ್ನೊಬ್ಬರಿಗೆ ರೈಲಿನದು ಬೇಕು, ಮತ್ತೊಬ್ಬರಿಗೆ ಒಂದು ದೇಶದ್ದೆಲ್ಲಾ ಬೇಕು. ಹೊಸದೇ ಆಗಬೇಕೆಂದಿಲ್ಲ, ಸೀಲು ಬಿದ್ದದ್ದೂ ಆಗುತ್ತದೆ. ಬಿಸಾಡಿದ ಸ್ಟಾಂಪಿಗೆ ಬೆಲೆ ಬರೋದು ಇಂಥವರಿಂದಲೇ.

ಒಬ್ಬ ಪೋಸ್ಟ್ ಮಾಸ್ತರರ ಉಪಾಯ

ನಾರ್ವೆ ಅಂತ ಒಂದು ದೇಶ. ಭೂಮಿಯ ಉತ್ತರದ ತುದಿಯ ಕಡೆ ಇದೆ. ವಿಪರೀತ ಚಳಿ, ಗುಡ್ಡ, ಹಿಮ. ಅಲ್ಲಿ ನೆಸ್‌ಬ್ಯೂಯೆನ್ ಅನ್ನೋ ಸಣ್ಣ ಊರು. ಹೆಸರು ಓದೋದು ಕಷ್ಟ. ನಮಗೂ ಕಷ್ಟವೇ ಆಯಿತು. ಆ ಊರಿನ ಪೋಸ್ಟ್ ಮಾಸ್ತರರು ಡಿಟ್ಲೆಫ್ ಫ್ರಾಂಟ್ಸೆನ್.

ಆಗ ಅಲ್ಲಿ ಕ್ಷಯದ ಕಾಟ. ಕ್ಷಯ ಅಂದರೆ ಟಿ.ಬಿ. ಕಾಯಿಲೆ. ರೋಗಾಣು ಯಾವುದು ಅಂತ 1882ರಲ್ಲೇ ಗೊತ್ತಾಗಿತ್ತು. ಆದರೆ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಔಷಧಿ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಇದ್ದ ಚಿಕಿತ್ಸೆ ಏನು? ಒಳ್ಳೆ ಊಟ, ಒಳ್ಳೆ ಗಾಳಿ, ಬಿಸಿಲು, ತಿಂಗಳುಗಟ್ಟಲೆ ವಿಶ್ರಾಂತಿ. ಬಡವರ ಮನೆಯಲ್ಲಿ ಇವು ಎಲ್ಲಿಂದ ಬರಬೇಕು? ಅಮ್ಮನಿಗೆ ಕೆಮ್ಮು ಬಂದರೆ ಮಡಿಲ ಮಗುವಿಗೂ ಬರುತ್ತಿತ್ತು.

ಈ ಕಾಯಿಲೆ ಬಡವರು, ಬಲ್ಲಿದರು ಅಂತ ನೋಡಲಿಲ್ಲ. ಮೈಸೂರಿನಲ್ಲಿ ಪಿ.ಕೆ. ಸ್ಯಾನಿಟೋರಿಯಂ ಇದೆಯಲ್ಲ, ಪಿ.ಕೆ. ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ಮೈಸೂರು ಅರಮನೆಯ ರಾಜಕುಮಾರಿ ಆಕೆ. ಆಕೆಯನ್ನೂ ಕ್ಷಯವೇ ತಿಂದಿತು. ಅರಮನೆಯಲ್ಲೇ ಹೀಗಾದರೆ ಗುಡಿಸಲಿನ ಗತಿ ಏನು?

ನಾರ್ವೆಯ ಮಾತಿಗೆ ಬರೋಣ. ಮಕ್ಕಳನ್ನು ಕ್ಷಯದಿಂದ ಉಳಿಸೋಕೆ ದುಡ್ಡು ಬೇಕಿತ್ತು. ಫ್ರಾಂಟ್ಸೆನ್ 1928ರಲ್ಲಿ ಒಂದು ಕೆಲಸ ಶುರು ಮಾಡಿದರು. ಸ್ಟಾಂಪು ಬಿಸಾಡಬೇಡಿ, ಕತ್ತರಿಸಿ ನಮಗೆ ಕಳಿಸಿ ಅಂತ ಜನರನ್ನು ಕೇಳಿದರು. ಜನ ಕಳಿಸಿದರು. ಬಂದ ಸ್ಟಾಂಪನ್ನು ಆ ಸಣ್ಣ ಊರಿನಲ್ಲೇ ವಿಂಗಡಿಸಿದರು. ಕಟ್ಟು ಕಟ್ಟಿ, ತೂಕ ಹಾಕಿ, ದೇಶವಿದೇಶದ ಸಂಗ್ರಾಹಕರಿಗೆ ಮಾರಿದರು. ಬಂದ ಹಣ ಕ್ಷಯದ ವಿರುದ್ಧದ ಕೆಲಸಕ್ಕೆ ಹೋಯಿತು.

ಈ ಸಂಸ್ಥೆಗೆ ಅವರು ಇಟ್ಟ ಹೆಸರು ಟುಬ್‌ಫ್ರಿಮ್. ಅವರ ಭಾಷೆಯಲ್ಲಿ ಕ್ಷಯ ಅನ್ನೋ ಮಾತಿನ ಮೊದಲ ತುಂಡು ಟುಬ್, ಸ್ಟಾಂಪು ಅನ್ನೋ ಮಾತಿನ ಮೊದಲ ತುಂಡು ಫ್ರಿಮ್. ಎರಡೂ ಸೇರಿಸಿದರು, ಅಷ್ಟೇ. ಕೆಲಸ ಹತ್ತಾರು ವರ್ಷ ನಡೆಯಿತು. ಸ್ಟಾಂಪು ಕೂಡಿಸುವವರ ನಡುವೆ ಬೇರೆ ದೇಶಗಳಲ್ಲೂ ಈ ಹೆಸರು ಗೊತ್ತು.

ಇಲ್ಲಿ ಒಂದು ಮಾತು ಗಮನಿಸಿ. ಪೋಸ್ಟ್ ಮಾಸ್ತರರು ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ. ಜನ ಕಸ ಅಂತ ಬಿಸಾಡುವುದನ್ನು ಕೇಳಿದರು. ದುಡ್ಡು ಕೊಡೋಕೆ ಹಿಂದೆಮುಂದೆ ನೋಡುವವರೂ ಕಸ ಕೊಡೋಕೆ ಹಿಂದೆಮುಂದೆ ನೋಡೋದಿಲ್ಲ. ಶಾಲೆಯ ಮಗುವೂ ಕೊಡಬಹುದು, ಕೈಯಲ್ಲಿ ಕಾಸಿಲ್ಲದ ಅಜ್ಜಿಯೂ ಕೊಡಬಹುದು.

ವಿಂಗಡಿಸುವುದೇ ಒಂದು ಕೆಲಸ

ಇನ್ನೊಂದು ಊರು ಜರ್ಮನಿಯಲ್ಲಿದೆ. ಅದರ ಹೆಸರು ಬೆಥೆಲ್. ಅಲ್ಲಿ 1867ರಲ್ಲಿ ಮೂರ್ಛೆ ರೋಗದವರಿಗಾಗಿ ಒಂದು ಆಶ್ರಯ ಶುರುವಾಯಿತು. ನಾವು ಫಿಟ್ಸ್ ಅಂತೀವಲ್ಲ, ಆ ಕಾಯಿಲೆ. ಅಂಥವರಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ನಮ್ಮಲ್ಲಿ ಇವತ್ತಿಗೂ ಫಿಟ್ಸ್ ಬರುವ ಹೆಣ್ಣುಮಗಳನ್ನು ಒಲೆ ಹತ್ತಿರ ಬಿಡೋದಿಲ್ಲ, ಬಾವಿ ಹತ್ತಿರ ಬಿಡೋದಿಲ್ಲ, ಕೊನೆಗೆ ಮೂಲೆಯಲ್ಲಿ ಕೂರಿಸ್ತಾರೆ.

ಬೆಥೆಲ್‌ನವರು 1888ರಿಂದ ಹಳೆ ಸ್ಟಾಂಪು ಕೂಡಿಸುತ್ತಾ ಬಂದಿದ್ದಾರೆ. ಕತ್ತರಿಸೋದು, ಬಣ್ಣ ನೋಡಿ ಬೇರೆ ಮಾಡೋದು, ಎಣಿಸೋದು, ಕಟ್ಟು ಕಟ್ಟೋದು, ಇವೆಲ್ಲಾ ಕೂತು ಮಾಡುವ ಕೆಲಸ. ಅವಸರ ಇಲ್ಲ. ಬೆಂಕಿ ಇಲ್ಲ, ಯಂತ್ರದ ಭಯ ಇಲ್ಲ. ನೂರಕ್ಕೂ ಹೆಚ್ಚು ವಿಕಲಚೇತನರು ಅಲ್ಲಿ ಈ ಕೆಲಸ ಮಾಡಿದ್ದಾರೆ.

ನಮಗೆ ನಾರ್ವೆಯ ಕಥೆಗಿಂತ ಇದು ಹೆಚ್ಚು ಹಿಡಿಸಿತು. ಸ್ಟಾಂಪು ಮಾರಿದ ಹಣ ಒಂದು ಲಾಭ. ದುಡಿದೆ ಅನ್ನೋ ಸಮಾಧಾನ ಇನ್ನೊಂದು ಲಾಭ. ಅದನ್ನು ತೂಕ ಹಾಕೋಕೆ ತಕ್ಕಡಿ ಇಲ್ಲ.

ನಾವು ಮಾಡೋದಾದರೆ ಹೇಗೆ?

ಕತ್ತರಿ ಒಂದು ಸಾಕು. ಸ್ಟಾಂಪನ್ನು ಕವರಿನಿಂದ ಕೀಳಬೇಡಿ. ಕಿತ್ತರೆ ಹರಿಯುತ್ತದೆ. ಸ್ಟಾಂಪಿನ ಅಂಚು ನೋಡಿ, ಗರಗಸದ ಹಾಗೆ ಹಲ್ಲು ಹಲ್ಲು ಇದೆ. ಒಂದು ಹಲ್ಲು ಮುರಿದರೂ ಸಂಗ್ರಾಹಕರು ಬೇಡ ಅಂತಾರೆ. ಅದಕ್ಕೇ ಕವರಿನ ಕಾಗದದ ಸಮೇತ ಕತ್ತರಿಸಬೇಕು. ಸ್ಟಾಂಪಿನ ಸುತ್ತ ಕಿರುಬೆರಳಿನ ಅಗಲದಷ್ಟು ಕಾಗದ ಬಿಡಿ. ಸುಮಾರು ಒಂದು ಸೆಂಟಿಮೀಟರು. ಅದಕ್ಕಿಂತ ಹೆಚ್ಚು ಬಿಟ್ಟರೆ ಕೊಳ್ಳುವವರು ಕಾಗದಕ್ಕೆ ದುಡ್ಡು ಕೊಟ್ಟ ಹಾಗಾಗುತ್ತದೆ.

ಹರಿದದ್ದು, ಎಣ್ಣೆ ಹತ್ತಿದ್ದು, ಪೆನ್ನಿನಿಂದ ಗೀಚಿದ್ದು ಬೇಡ. ಇವನ್ನು ಸೇರಿಸಿದರೆ ತೂಕ ಹೆಚ್ಚಾಗುತ್ತದೆ ಅಂತ ಕೆಲವರು ಅಂದುಕೊಳ್ತಾರೆ. ಆದರೆ ಕೊಳ್ಳುವವರು ಒಂದು ಹಿಡಿ ಎತ್ತಿ ನೋಡ್ತಾರೆ. ಹಿಡಿಯಲ್ಲಿ ಹತ್ತು ಹರಿದದ್ದು ಕಂಡರೆ ಇಡೀ ಚೀಲದ ಬೆಲೆ ಬೀಳುತ್ತದೆ. ಅಕ್ಕಿಯಲ್ಲಿ ಕಲ್ಲು ಕಂಡರೆ ನಾವು ಏನು ಮಾಡ್ತೀವಿ? ಹಾಗೇ.

ಕೆಲವು ಕವರಿನ ಮೇಲೆ ಸ್ಟಾಂಪೇ ಇರೋದಿಲ್ಲ. ಯಂತ್ರದಿಂದ ಒತ್ತಿದ ಮುದ್ರೆ ಅಥವಾ ಗೆರೆಗೆರೆಯ ಚೀಟಿ ಇರುತ್ತದೆ. ಬ್ಯಾಂಕು, ವಿಮೆ ಕಂಪನಿಗಳ ಕವರು ಬಹಳಷ್ಟು ಹೀಗೇ. ಇವುಗಳನ್ನು ಕೂಡಿಸಿ ಪ್ರಯೋಜನವಿಲ್ಲ. ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಪತ್ರಗಳ ಮೇಲೆ ಸ್ಟಾಂಪಿನ ಚಿತ್ರ ಅಚ್ಚಾಗಿರುತ್ತದೆ. ಅದನ್ನು ಕತ್ತರಿಸಬಾರದು. ಬೇಕಾದವರಿಗೆ ಇಡೀ ಕಾರ್ಡೇ ಬೇಕು. ಆದರೆ ಕಾರ್ಡಿನಲ್ಲಿ ಮನೆಯ ಮಾತು ಬರೆದಿರುತ್ತದಲ್ಲ! ಕೊಡುವ ಮುಂಚೆ ಮನೆಯವರನ್ನು ಕೇಳಿ.

ನೆನಪಿನ ಸ್ಟಾಂಪು, ಹೊರದೇಶದ ಸ್ಟಾಂಪು, ದಿನನಿತ್ಯದ ಸಣ್ಣ ಸ್ಟಾಂಪು ಅಂತ ಮೂರು ಡಬ್ಬಿ ಮಾಡಿ. ಮೊದಲ ಎರಡಕ್ಕೆ ಹೆಚ್ಚು ಬೆಲೆ. ದುಬೈಯಲ್ಲೋ ಸೌದಿಯಲ್ಲೋ ಇರುವ ಮಗನಿಂದ ಕಾಗದ ಬಂದರೆ ಅದರ ಸ್ಟಾಂಪು ಎರಡನೇ ಡಬ್ಬಿಗೆ. ನಮ್ಮ ಸ್ಟಾಂಪಿನ ಮೇಲೆ ಭಾರತ ಅಂತ ಹಿಂದಿಯಲ್ಲಿ, ಇಂಡಿಯಾ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಬೇರೆ ದೇಶದವರೂ ತಮ್ಮ ಹೆಸರು ಹಾಕ್ತಾರೆ. ಇಂಗ್ಲೆಂಡಿನವರು ಮಾತ್ರ ಹಾಕೋದಿಲ್ಲ. ರಾಜನದೋ ರಾಣಿಯದೋ ತಲೆ ಇದ್ದರೆ ಸಾಕು, ಮೊದಲು ಶುರು ಮಾಡಿದವರು ನಾವೇ ಅನ್ನೋ ಜಂಬ ಇರಬೇಕು.

ಇದನ್ನು ಯಾರಿಗೆ ಮಾರೋದು? ಪೋಸ್ಟ್ ಆಫೀಸಿನವರು ಹಳೆ ಸ್ಟಾಂಪು ಕೊಳ್ಳೋದಿಲ್ಲ. ಬೆಂಗಳೂರಿನ ದೊಡ್ಡ ಅಂಚೆ ಕಚೇರಿಯಲ್ಲಿ ಸಂಗ್ರಾಹಕರಿಗಾಗಿಯೇ ಒಂದು ವಿಭಾಗ ಇದೆ. ಅಲ್ಲಿ ಹೊಸ ಸ್ಟಾಂಪು ಮಾರ್ತಾರೆ, ಹಳೆಯದು ತಗೊಳ್ಳೋದಿಲ್ಲ. ಆದರೆ ಅಲ್ಲಿಗೆ ಬರುವ ಸಂಗ್ರಾಹಕರನ್ನು ಕೇಳಿದರೆ ವ್ಯಾಪಾರಿಗಳ ವಿಳಾಸ ಸಿಗಬಹುದು. ಒಬ್ಬರೇ ವ್ಯಾಪಾರಿಯನ್ನು ನಂಬಬೇಡಿ. ಇಬ್ಬರು ಮೂವರ ಹತ್ತಿರ ಬೆಲೆ ಕೇಳಿ. ಹುಣಸೆಹಣ್ಣು ಮಾರುವಾಗ ಕೇಳೋದಿಲ್ಲವೇ?

ಕತ್ತರಿ ಎತ್ತುವ ಮುಂಚೆ

ಇದನ್ನು ಎರಡು ಸಲ ಓದಿ.

ಕೋರ್ಟಿನಿಂದ, ತಾಲ್ಲೂಕು ಕಚೇರಿಯಿಂದ, ಬ್ಯಾಂಕಿನಿಂದ, ವಕೀಲರಿಂದ ಬಂದ ಕವರನ್ನು ಕತ್ತರಿಸಬೇಡಿ. ಸ್ಟಾಂಪಿನ ಮೇಲಿನ ಸೀಲಿನಲ್ಲಿ ಊರು ಮತ್ತು ತಾರೀಖು ಇರುತ್ತದೆ. ನೋಟಿಸು ಯಾವತ್ತು ಹಾಕಿದರು, ಯಾವತ್ತು ಬಂತು ಅನ್ನೋದಕ್ಕೆ ಆ ಸೀಲು ಸಾಕ್ಷಿ. ಕೆಲಸದ ಸಂದರ್ಶನದ ಕಾಗದ ದಿನ ಕಳೆದ ಮೇಲೆ ಬಂದರೂ ಅಷ್ಟೇ. ಕವರು ಇದ್ದರೆ ತಡವಾಗಿ ಬಂತು ಅಂತ ತೋರಿಸಬಹುದು. ಸ್ಟಾಂಪಿನಿಂದ ಬರೋದು ಪೈಸೆ. ಕವರು ಕಳೆದರೆ ಜಮೀನೇ ಹೋಗಬಹುದು. ಇಂಥ ಕವರನ್ನು ಕಾಗದದ ಜೊತೆಗೇ ಗುಂಡುಪಿನ್ನು ಹಾಕಿ ಪೆಟ್ಟಿಗೆಯಲ್ಲಿಡಿ.

ರೆವಿನ್ಯೂ ಸ್ಟಾಂಪು ಬೇರೆ, ಅಂಚೆ ಸ್ಟಾಂಪು ಬೇರೆ. ಸಾಲದ ಪತ್ರ, ದುಡ್ಡಿನ ರಸೀದಿಯ ಮೇಲೆ ಅಂಟಿಸಿ ಸಹಿ ಹಾಕ್ತಾರಲ್ಲ, ಅದು ರೆವಿನ್ಯೂ ಸ್ಟಾಂಪು. ಅದನ್ನು ಮುಟ್ಟಲೇಬೇಡಿ.

ಸೀಲನ್ನು ಉಜ್ಜಿ ಅಳಿಸಿ, ಸ್ಟಾಂಪನ್ನು ಮತ್ತೆ ಕಾಗದಕ್ಕೆ ಅಂಟಿಸುವ ಬುದ್ಧಿವಂತರೂ ಇದ್ದಾರೆ. ಅದು ಅಪರಾಧ. ಮೋಸ ಮಾಡುವ ಉದ್ದೇಶದಿಂದ ಸ್ಟಾಂಪಿನ ಗುರುತು ಅಳಿಸಿದರೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಸೀಲು ಬಿದ್ದ ಸ್ಟಾಂಪನ್ನು ಸೀಲು ಸಮೇತ ಸಂಗ್ರಾಹಕರಿಗೆ ಮಾರೋದು ತಪ್ಪಲ್ಲ.

ಗಾಳಿಮಾತಿಗೆ ಕಿವಿ ಕೊಡಬೇಡಿ. ಇಂಗ್ಲೆಂಡಿನಲ್ಲಿ 1850ರ ಸುಮಾರಿಗೆ ಒಂದು ಸುದ್ದಿ ಹಬ್ಬಿತ್ತು. ಒಬ್ಬ ಹುಡುಗಿ ಹತ್ತು ಲಕ್ಷ ಹಳೆ ಸ್ಟಾಂಪು ಕೂಡಿಸಬೇಕಂತೆ, ಇಲ್ಲದಿದ್ದರೆ ಅಪ್ಪ ಆಕೆಯನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸ್ತಾನಂತೆ! ಇವತ್ತು ಮೊಬೈಲಿನಲ್ಲಿ ಬರೋದೂ ಇಂಥದ್ದೇ. ಇದನ್ನು ಹತ್ತು ಜನಕ್ಕೆ ಕಳಿಸಿ, ಒಂದು ಮಗುವಿನ ಆಪರೇಷನ್‌ಗೆ ದುಡ್ಡು ಸಿಗುತ್ತೆ ಅಂತ. ಯಾರಾದರೂ ಬಂದು ಸ್ಟಾಂಪು ಕೊಡಿ ಅಂದರೆ ಕೇಳಿ: ನೀವು ಯಾರು? ಯಾರಿಗೆ ಮಾರ್ತೀರಿ? ಹಣ ಯಾರಿಗೆ ಹೋಗುತ್ತೆ? ರಸೀದಿ ಕೊಡ್ತೀರಾ?

ಲೆಕ್ಕ ಹಾಕೋಣ

ಕಾಗದದ ಸಮೇತ ಕತ್ತರಿಸಿದ ಸ್ಟಾಂಪು ಒಂದು ಕಿಲೋಗೆ ಸುಮಾರು ಮೂರರಿಂದ ನಾಲ್ಕು ಸಾವಿರ ಹಿಡಿಯುತ್ತದೆ. ನಾವು 3,500 ಅಂತ ಇಟ್ಟುಕೊಳ್ಳೋಣ.

ಸಂಘದಲ್ಲಿ 20 ಜನ ಇದ್ದೇವೆ ಅನ್ನಿ. ಒಬ್ಬೊಬ್ಬರ ಮನೆಗೆ ತಿಂಗಳಿಗೆ 2 ಸ್ಟಾಂಪು ಬಂದರೆ ಒಟ್ಟು 40. ವರ್ಷಕ್ಕೆ 480. ಹೀಗೆ ಒಂದು ಕಿಲೋ ಆಗಬೇಕಾದರೆ ಏಳು ವರ್ಷಕ್ಕೂ ಹೆಚ್ಚು ಬೇಕು! ಅಷ್ಟರಲ್ಲಿ ಈಗ ಒಂದನೇ ಕ್ಲಾಸಿನಲ್ಲಿರುವ ಮಗು ಎಂಟನೇ ಕ್ಲಾಸಿಗೆ ಬಂದಿರುತ್ತದೆ.

ಹಾಗಾದರೆ ಕೈಬಿಡೋದೇ? ಬೇಡ. ಮನೆಯ ಹೊಸಿಲು ದಾಟಬೇಕು. ಹೈಸ್ಕೂಲು, ಸಹಕಾರ ಸಂಘ, ಆಸ್ಪತ್ರೆ, ಪಂಚಾಯ್ತಿ, ಪೇಟೆಯ ದೊಡ್ಡ ಅಂಗಡಿ, ಇಂಥ 5 ಕಡೆ ಒಂದೊಂದು ಡಬ್ಬಿ ಇಡಿ. ಬೇಡವಾದ ಕವರಿನ ಸ್ಟಾಂಪನ್ನು ಅವರೇ ಹಾಕಲಿ. ಒಂದೊಂದು ಡಬ್ಬಿಯಲ್ಲಿ ತಿಂಗಳಿಗೆ 50 ಸಿಕ್ಕರೆ 250. ವರ್ಷಕ್ಕೆ 3,000. ನಮ್ಮ ಮನೆಯ 480 ಸೇರಿಸಿ. 3,480 ಆಯಿತು. ವರ್ಷಕ್ಕೆ ಹತ್ತಿರಹತ್ತಿರ ಒಂದು ಕಿಲೋ.

ಒಂದು ಕಿಲೋ ದಿನನಿತ್ಯದ ಸ್ಟಾಂಪಿನಿಂದ ಯಾರೂ ಶ್ರೀಮಂತರಾಗೋದಿಲ್ಲ. ನಾವು ಆಸೆ ಹುಟ್ಟಿಸೋದಿಲ್ಲ. ಈಗ ಕಾಗದ ಬರೆಯುವವರೂ ಕಡಿಮೆ. ಡೆನ್ಮಾರ್ಕ್ ದೇಶದ ಸರ್ಕಾರಿ ಅಂಚೆಯವರು 2025ರ ಕೊನೆಗೆ ಕಾಗದ ಹಂಚೋದನ್ನೇ ನಿಲ್ಲಿಸಿದರು. ಅದಕ್ಕೇ ನೆಲಮಾಳಿಗೆಯಲ್ಲಿ, ಅಟ್ಟದ ಮೇಲೆ, ಟ್ರಂಕಿನಲ್ಲಿ ಇರುವ ಹಳೆ ಕವರುಗಳ ಕಡೆ ಕಣ್ಣು ಹಾಯಿಸಿ. ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಕಟ್ಟು ಸಿಕ್ಕರೆ ಕತ್ತರಿ ಹಾಕದೆ ಮೊದಲು ತಿಳಿದವರಿಗೆ ತೋರಿಸಿ. ಕೆಲವು ಹಳೆಯ ಕವರಿಗೆ ಕವರಿನ ಸಮೇತ ಇದ್ದರೇ ಬೆಲೆ.

ಹಣ ಬಂದರೆ ಯಾವುದಕ್ಕೆ ಅನ್ನೋದನ್ನು ಮುಂಚೆಯೇ ಸಭೆಯಲ್ಲಿ ತೀರ್ಮಾನಿಸಿ. ಬಂದ ಮೇಲೆ ಮಾತಾಡಿದರೆ ಜಗಳ. ಊರಿನಲ್ಲಿ ಕ್ಷಯದವರು ಇದ್ದರೆ ಅವರಿಗೆ ಮೊಟ್ಟೆ, ಬೇಳೆ, ಆಸ್ಪತ್ರೆಗೆ ಹೋಗುವ ಬಸ್ ಚಾರ್ಜು ಆಗಬಹುದು. ಔಷಧಿಗೆ ಕೊಡಬೇಕಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1,000 ಮಾಡಿದರು. ಆ ಹಣ ಬರುತ್ತಿದೆಯಾ ಅಂತ ರೋಗಿಯ ಮನೆಯವರನ್ನು ಕೇಳಿ, ಪಾಸ್ ಪುಸ್ತಕ ಓದಿ ಹೇಳಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದವರನ್ನು ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ.

ಲೆಕ್ಕದ ಪುಸ್ತಕ ಒಂದು ಇರಲಿ. ಅದನ್ನು ಗಂಡಸರ ಕೈಗೆ ಕೊಡಬೇಡಿ. ಅವರು ಕೆಟ್ಟವರು ಅಂತಲ್ಲ. ಬರೆಯೋಕೆ ಕಲಿತವರು ನಾವು, ಬರೆಯೋದೂ ನಾವೇ ಆಗಲಿ. ತಾರೀಖು, ಯಾವ ಡಬ್ಬಿ, ಎಷ್ಟು ಸ್ಟಾಂಪು, ಮಾರಿದ್ದು ಎಷ್ಟು, ಬಂದ ಹಣ ಎಷ್ಟು, ಯಾರಿಗೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಇಬ್ಬರ ಸಹಿ.

ಮಾಡಿ ನೋಡಿ

ಒಂದು ಸಂಘದಲ್ಲಿ 15 ಜನ ಇದ್ದಾರೆ. ಒಬ್ಬೊಬ್ಬರು ತಿಂಗಳಿಗೆ 4 ಸ್ಟಾಂಪು ತರ್ತಾರೆ. ವರ್ಷಕ್ಕೆ ಎಷ್ಟಾಯಿತು?

ಶಾಲೆಯ ಹೆಡ್ ಮಾಸ್ತರರಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಸ್ಟಾಂಪಿನ ಡಬ್ಬಿ ಇಡಲು ಅಪ್ಪಣೆ ಕೇಳಿ.

ಮನೆಯಿಂದ ಒಂದು ಹಳೆ ಕವರು ತನ್ನಿ. ಸ್ಟಾಂಪಿನ ಮೇಲಿನ ಸೀಲಿನಲ್ಲಿ ತಾರೀಖು ಹುಡುಕಿ, ಬರೆದುಕೊಳ್ಳಿ. ಕವರಿನ ಹಿಂಭಾಗ ತಿರುಗಿಸಿ. ಅಲ್ಲಿ ನಮ್ಮ ಊರಿನ ಪೋಸ್ಟ್ ಆಫೀಸಿನ ಸೀಲು ಇದ್ದರೆ ಅದರ ತಾರೀಖನ್ನೂ ಬರೆದುಕೊಳ್ಳಿ. ಕಾಗದ ತಲುಪೋಕೆ ಎಷ್ಟು ದಿನ ಹಿಡಿಯಿತು?